ಧಾರಣೆ ಹೇಳಬಹುದು, ಬೆಲೆ ಹೇಳಲಾಗದು: ಕೊರ್ತಾಲಿಮ್‌ನ ಅಂಗಡಿ ದರಗಳ ಆ್ಯಪ್ ಕಲ್ಪನೆಯ ಒಂದು ಪರಿಶೀಲನೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)



ಕನ್ನಡ ಎಂ.ಎ. ವಿದ್ಯಾರ್ಥಿಗೂ ಸ್ಟಾರ್ಟಪ್ಪಿಗೂ ಏನು ಸಂಬಂಧ ಅಂತ ಕೆಲವರಿಗೆ ಅನ್ನಿಸಿರಬಹುದು. ಸಂಬಂಧ ಇದೆ, ಅದು ಪದಗಳ ಮೂಲಕ ಇದೆ. ಇವತ್ತು ನಾನು ಪರಿಶೀಲಿಸುವ ಕಲ್ಪನೆ ಬಹಳ ಸರಳವಾದದ್ದು. ಒಂದು ಊರಿನ ಕಿರಾಣಿ, ತರಕಾರಿ, ಮೀನು, ಹಿಟ್ಟಿನ ಗಿರಣಿ, ಎಲ್ಲ ಅಂಗಡಿಗಳ ದರವನ್ನು ಮೊಬೈಲಿನಲ್ಲಿ ತೋರಿಸಬೇಕು. ಗಿರಾಕಿ ಮನೆಯಿಂದ ಹೊರಡುವ ಮೊದಲೇ ಎಲ್ಲಿ ಅಗ್ಗ ಅಂತ ನೋಡಿಕೊಂಡು ಹೋಗಬೇಕು. ಇಂಥ ಆ್ಯಪ್ ಮಾಡಿದರೆ ನಡೆಯುತ್ತದೆಯೇ? ಅದಕ್ಕಿಂತ ಮುಖ್ಯವಾಗಿ, ಯಾರಿಗೆ ಉಪಯೋಗ, ಯಾರಿಗೆ ಪೆಟ್ಟು?

ಪರಿಶೀಲನೆಗೆ ಗೋವಾದ ಕೊರ್ತಾಲಿಮ್ ಅನ್ನು ತೆಗೆದುಕೊಂಡಿದ್ದೇನೆ. ಯಾಕೆ ಅಂದರೆ, ಇಂಥ ಆ್ಯಪಿನ ಅಗತ್ಯ ಇದೆ ಅಂತ ಮೇಲ್ನೋಟಕ್ಕೆ ಅನ್ನಿಸುವ ಜಾಗಗಳಲ್ಲಿ ಅದೂ ಒಂದು.

1. ಊರು ಮತ್ತು ಗಿರಾಕಿ

ಕೊರ್ತಾಲಿಮ್ ಜುವಾರಿ ನದಿಯ ದಕ್ಷಿಣ ದಂಡೆಯ ಊರು. ಕುಶಸ್ಥಳಿ ಅನ್ನುವುದು ಅದರ ಹಳೆಯ ಹೆಸರು. ಈಗ ಪ್ರಿಯೋಳದಲ್ಲಿರುವ ಮಂಗೇಶ ದೇವರು 1560ರವರೆಗೆ ಇದ್ದದ್ದು ಇಲ್ಲೇ. ಪಣಜಿ, ವಾಸ್ಕೊ, ಮಡಗಾಂವ್ ಮೂರೂ ದಿಕ್ಕಿನ ರಸ್ತೆಗಳು ಇಲ್ಲಿ ಕೂಡುತ್ತವೆ. ನದಿಗೆ ಕಟ್ಟಿದ ಹೊಸ ಸೇತುವೆಯ ಒಂದು ಭಾಗ 2022ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆಯಿತು. ಸುತ್ತಮುತ್ತ ವೆರ್ಣಾ ಕೈಗಾರಿಕಾ ವಸಾಹತು, ಸಾಂಕ್ವಾಳ್, ಜುವಾರಿನಗರ ಇವೆ. ಈ ಪಟ್ಟಿಯಲ್ಲಿ ಕಟ್ಟಡದ ಕೆಲಸ, ರಸ್ತೆ ಕೆಲಸ, ಕಾರ್ಖಾನೆಯ ಗುತ್ತಿಗೆ ಕೆಲಸ ಮಾಡುವ ಕನ್ನಡಿಗರು ಬಹಳ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಕಡೆಯಿಂದ ಬಂದವರು. ಜುವಾರಿನಗರದ ಓಣಿಗಳಲ್ಲಿ ಕೊಂಕಣಿಯಷ್ಟೇ ಸಲೀಸಾಗಿ ಉತ್ತರ ಕರ್ನಾಟಕದ ಕನ್ನಡ ಕಿವಿಗೆ ಬೀಳುತ್ತದೆ.

ಇಂಥ ಕುಟುಂಬದ ಲೆಕ್ಕ ದಿನಗೂಲಿಯ ಲೆಕ್ಕ. ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಧಾನವಾಗುತ್ತದೆ, ಕೆಲವು ಕಡೆ ನಿಂತೇ ಹೋಗುತ್ತದೆ. ಅದೇ ಹೊತ್ತಿಗೆ ತರಕಾರಿ ತುಟ್ಟಿಯಾಗುತ್ತದೆ. ಗೋವಾದ ತರಕಾರಿಯ ದೊಡ್ಡ ಪಾಲು ಬರುವುದು ಬೆಳಗಾವಿಯಿಂದ. ಚೋರ್ಲಾ ಘಾಟಿನಲ್ಲಿ ಗುಡ್ಡ ಕುಸಿದರೆ ಅದರ ಬಿಸಿ ಮರುದಿನ ಬದನೆಕಾಯಿಯ ದರದಲ್ಲಿ ತಟ್ಟುತ್ತದೆ. ಹಾಗಾಗಿ, ಎಲ್ಲಿ ಅಗ್ಗ ಅಂತ ತಿಳಿದರೆ ಈ ಮಂದಿಗೆ ಅನುಕೂಲ ಅನ್ನುವ ಮಾತು ಸುಳ್ಳಲ್ಲ. ಆದರೆ ಅನುಕೂಲ ಅಂದ ಮಾತ್ರಕ್ಕೆ ಆ್ಯಪ್ ಪರಿಹಾರ ಅಂತ ಆಗುವುದಿಲ್ಲ. ಅದನ್ನು ಹಂತ ಹಂತವಾಗಿ ನೋಡೋಣ.

2. ಬೆಲೆ, ದರ, ಧಾರಣೆ: ಒಂದೇ ಅರ್ಥವಲ್ಲ

ಕನ್ನಡದಲ್ಲಿ ಇದಕ್ಕೆ ಒಂದು ಪದ ಇಲ್ಲ, ಹಲವು ಇವೆ. ಬೆಲೆ, ದರ, ಧಾರಣೆ, ಕ್ರಯ, ಈಚೆಗೆ ರೇಟು. ನಿಘಂಟಿನಲ್ಲಿ ಒಂದರ ಅರ್ಥಕ್ಕೆ ಇನ್ನೊಂದನ್ನು ಕೊಟ್ಟಿರುತ್ತಾರೆ. ಬಳಕೆಯಲ್ಲಿ ಮಾತ್ರ ನಾವು ಇವನ್ನು ಬೆರೆಸುವುದಿಲ್ಲ.

ದರ ಅಂದರೆ ಒಂದು ಅಳತೆಗೆ ಇಷ್ಟು ಅನ್ನುವ ಲೆಕ್ಕ. ಬಡ್ಡಿ ದರ, ಕಿಲೋ ದರ, ಪ್ರಯಾಣ ದರ. ಅದು ಫಲಕದ ಮೇಲೆ ಬರೆಯುವಂಥದ್ದು. ಧಾರಣೆ ಅಂದರೆ ಇವತ್ತಿನ ಪೇಟೆಯಲ್ಲಿ ಸರಕು ಹೇಗೆ ನಡೆದಿದೆ ಅನ್ನುವ ಒಟ್ಟು ಸುದ್ದಿ. ‘ಪೇಟೆ ಧಾರಣೆ’, ‘ಅಡಿಕೆ ಧಾರಣೆ’ ಅಂತೀವಿ. ‘ನಮ್ಮೂರ ಶೆಟ್ಟರ ಅಂಗಡಿಯ ಧಾರಣೆ’ ಅಂತ ಯಾರೂ ಅನ್ನುವುದಿಲ್ಲ. ಕ್ರಯ ಅಂದರೆ ಮುಗಿದ ವ್ಯವಹಾರ. ಕ್ರಯಪತ್ರ ಆದಮೇಲೆ ಚೌಕಾಸಿ ಇಲ್ಲ. ಬೆಲೆ ಮಾತ್ರ ಇವೆಲ್ಲಕ್ಕಿಂತ ಅಗಲವಾದ ಪದ. ತಮಿಳಿನ ‘ವಿಲೈ’ ಇದರ ಒಡಹುಟ್ಟು. ಮಾತಿಗೆ ಬೆಲೆ, ಮನುಷ್ಯನಿಗೆ ಬೆಲೆ ಅಂತ ಹೇಳುವಾಗ ರೂಪಾಯಿ ಇರುವುದಿಲ್ಲ, ಸಂಬಂಧ ಇರುತ್ತದೆ.

ಅಂಗಡಿಯಲ್ಲಿ ನಾವು ಕೇಳುವ ಪ್ರಶ್ನೆಯನ್ನೇ ಗಮನಿಸಿ. ಹುಬ್ಬಳ್ಳಿ ಕಡೆಯವರು ‘ಉಳ್ಳಾಗಡ್ಡಿ ಹ್ಯಾಂಗ ಕೊಟ್ರಿ?’ ಅಂತ ಕೇಳುತ್ತಾರೆ. ಮೈಸೂರು ಕಡೆ ‘ಕೆಜಿ ಹೇಗೆ?’ ಅಂತಾರೆ. ‘ಎಷ್ಟು’ ಅಲ್ಲ, ‘ಹೇಗೆ’. ‘ಎಷ್ಟು’ ಅಂದರೆ ಉತ್ತರ ಒಂದು ಅಂಕಿ. ‘ಹೇಗೆ’ ಅಂದರೆ ಮಾತು ಶುರುವಾಯಿತು ಅಂತ ಅರ್ಥ. ಎಷ್ಟು ತಗೋತೀರಿ, ಆರಿಸಿ ತಗೋತೀರೋ ಹಾಕಿದ್ದು ತಗೋತೀರೋ, ನಗದೋ ಉದ್ರಿಯೋ, ಕಾಯಂ ಗಿರಾಕಿಯೋ ಹೊಸಬರೋ: ಇಷ್ಟೆಲ್ಲ ಇತ್ಯರ್ಥವಾದ ಮೇಲೆ ಬೆಲೆ ಹುಟ್ಟುತ್ತದೆ. ಕೊನೆಗೆ ಒಂದು ಹಿಡಿ ಹೆಚ್ಚು ಹಾಕಿದರೆ ಅದು ಕೊಸರು. ‘ಕೊಸರಾಟ’ ಅನ್ನುವ ಪದ ಚೌಕಾಸಿಗೆ ಬಂದಿರುವುದೂ ಇದರ ನಂಟಿನಿಂದಲೇ.

ಆ್ಯಪಿನ ಕಲ್ಪನೆಯಲ್ಲಿ ಇರುವ ಗೊಂದಲ ಇಲ್ಲಿದೆ. ಅದು ಅಂಗಡಿಯ ದರವನ್ನು ತೋರಿಸುತ್ತದೆ; ಗಿರಾಕಿ ಕೊಡುವುದು ಬೆಲೆಯನ್ನು. ಆದರೆ ಇಡೀ ಪೇಟೆಯ ಧಾರಣೆಯನ್ನು ಹೊರಗಿನವರು ಬರೆದು ಪ್ರಕಟಿಸಬಹುದು, ಕನ್ನಡದಲ್ಲಿ ಹಿಂದಿನಿಂದ ಪ್ರಕಟಿಸುತ್ತಲೂ ಬಂದಿದ್ದೇವೆ. ನನ್ನ ಇಡೀ ವಾದ ಈ ವ್ಯತ್ಯಾಸದ ಮೇಲೆ ನಿಂತಿದೆ.

3. ಅಡಿಕೆ ಧಾರಣೆಯ ಅಂಕಣ ಕಲಿಸುವ ಪಾಠ

ಕನ್ನಡ ಪತ್ರಿಕೆಗಳಲ್ಲಿ ಅಡಿಕೆ ಧಾರಣೆ ಬರುವುದನ್ನು ಎಲ್ಲರೂ ನೋಡಿದ್ದೀರಿ. ಶಿವಮೊಗ್ಗದ್ದಾದರೆ ರಾಶಿ, ಬೆಟ್ಟೆ, ಸರಕು, ಗೊರಬಲು. ಶಿರಸಿಯದ್ದಾದರೆ ಚಾಲಿ, ಕೆಂಪುಗೋಟು, ಬಿಳಿಗೋಟು, ತಟ್ಟಿಬೆಟ್ಟೆ. ಎದುರಿಗೆ ಕನಿಷ್ಠ, ಗರಿಷ್ಠ. ಈ ಚಿಕ್ಕ ಪಟ್ಟಿಯನ್ನು ನಂಬಿ ಬೆಳೆಗಾರ ಮಾಲು ತರಬೇಕೋ ಇಟ್ಟುಕೊಳ್ಳಬೇಕೋ ಅಂತ ತೀರ್ಮಾನಿಸುತ್ತಾನೆ.

ಅದು ಕೆಲಸ ಮಾಡುವುದಕ್ಕೆ ಮೂರು ಕಾರಣ. ಮೊದಲನೆಯದು, ಹೆಸರು ಗಟ್ಟಿಯಾಗಿದೆ. ‘ರಾಶಿ’ ಅಂದರೆ ಯಾವ ಅಡಿಕೆ ಅನ್ನುವುದರಲ್ಲಿ ಮಾರುವವನಿಗೂ ಕೊಳ್ಳುವವನಿಗೂ ತಕರಾರಿಲ್ಲ. ಎರಡನೆಯದು, ದರ ಹುಟ್ಟುವ ಜಾಗ ಒಂದೇ, ಮಾರುಕಟ್ಟೆಯ ಪ್ರಾಂಗಣ; ಬರೆದುಕೊಳ್ಳುವವರು ಅಲ್ಲೇ ಇರುತ್ತಾರೆ. ಮೂರನೆಯದು, ಅದು ಒಂದು ಅಂಕಿಯನ್ನು ಹೇಳಿ ಸತ್ಯ ಅನ್ನುವುದಿಲ್ಲ. ಕನಿಷ್ಠ ಮತ್ತು ಗರಿಷ್ಠದ ನಡುವೆ ನಿಮ್ಮ ಮಾಲು ಎಲ್ಲಿ ನಿಲ್ಲುತ್ತದೆ ನೀವೇ ನೋಡಿಕೊಳ್ಳಿ ಅನ್ನುತ್ತದೆ.

ಬೆಂಗಳೂರಿನ ಹಾಪ್‌ಕಾಮ್ಸ್‌ನದು ಇನ್ನೊಂದು ಮಾದರಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದ ಈ ಸಂಸ್ಥೆ ದಿನದ ದರಪಟ್ಟಿ ಹೊರಡಿಸುತ್ತದೆ. ಅದರ ಮಳಿಗೆಯಲ್ಲಿ ಕೊಳ್ಳದವರೂ ತಳ್ಳುಗಾಡಿಯವನ ಹತ್ತಿರ ‘ಹಾಪ್‌ಕಾಮ್ಸಲ್ಲಿ ಇಷ್ಟಿದೆ’ ಅಂತ ಆ ದರವನ್ನು ಹಿಡಿದು ಚೌಕಾಸಿ ಮಾಡುತ್ತಾರೆ. ಗೋವಾದಲ್ಲಿ ಇಂಥ ಕೆಲಸವನ್ನು ರಾಜ್ಯ ತೋಟಗಾರಿಕಾ ನಿಗಮ ಮಾಡುತ್ತದೆ. ರಾಜ್ಯದ ತುಂಬ ಇರುವ ಅದರ ಗೂಡಂಗಡಿಗಳಲ್ಲಿ ಸಹಾಯಧನದ ದರದಲ್ಲಿ ತರಕಾರಿ ಸಿಗುತ್ತದೆ, ಎಲ್ಲ ಕಡೆ ದರ ಒಂದೇ. ಕೊರ್ತಾಲಿಮ್‌ನಲ್ಲಿ ಬೆಂಡೆಕಾಯಿ ತುಟ್ಟಿಯೋ ಅಗ್ಗವೋ ಅಂತ ಅಳೆಯುವುದಕ್ಕೆ ಒಂದು ಗೋಲು ಆಗಲೇ ಇದೆ ಅಂದ ಹಾಗಾಯಿತು.

ಹಳೆಯ ಶಾಸನಗಳನ್ನೂ ಇಲ್ಲಿ ನೆನೆಯಬಹುದು. ಅಯ್ಯಾವೊಳೆ ಐನೂರ್ವರ ವಣಿಕ ಸಂಘದ ನೆಲೆ ಇದ್ದದ್ದು ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ. ಜುವಾರಿನಗರದ ಎಷ್ಟೋ ಮನೆಗಳ ತವರು ಅದೇ ಸೀಮೆ. ವರ್ತಕರ ದಾನಶಾಸನಗಳಲ್ಲಿ ಹೇರಿಗೆ ಇಷ್ಟು, ಹೊರೆಗೆ ಇಷ್ಟು ಅಂತ ದೇವರಿಗೆ ಬಿಡುವ ಆಯ ಕೆತ್ತಿರುತ್ತದೆ. ಕಲ್ಲಿನಲ್ಲಿ ನಿಲ್ಲುವುದು ಆಯ ಮತ್ತು ಅಳತೆ. ದಿನದ ಸರಕಿನ ಬೆಲೆಯನ್ನು ಕಲ್ಲಿನಲ್ಲಿ ಕೆತ್ತಿ ಪ್ರಯೋಜನವೂ ಇರಲಿಲ್ಲ. ಅದು ನಾಳೆ ಬದಲಾಗುವಂಥದ್ದು ಅಂತ ವರ್ತಕರಿಗೆ ಗೊತ್ತಿತ್ತು.

4. ದರ ಪ್ರಕಟಿಸಿದಾಗ ಏನಾಗಿದೆ: ನಾಲ್ಕು ಉದಾಹರಣೆ

ಅರ್ಥಶಾಸ್ತ್ರದಲ್ಲಿ ಈ ಪ್ರಶ್ನೆ ಹೊಸದಲ್ಲ. ಜಾರ್ಜ್ ಸ್ಟಿಗ್ಲರ್ 1961ರಲ್ಲೇ ಮಾಹಿತಿಯ ಅರ್ಥಶಾಸ್ತ್ರದ ಬಗ್ಗೆ ಬರೆದರು. ಅಗ್ಗದ ಅಂಗಡಿ ಹುಡುಕುವುದಕ್ಕೂ ಖರ್ಚಿದೆ; ಹುಡುಕಾಟದಿಂದ ಉಳಿಯುವ ಹಣ ಆ ಖರ್ಚಿಗಿಂತ ಹೆಚ್ಚಿರುವವರೆಗೆ ಮಾತ್ರ ಜನ ಹುಡುಕುತ್ತಾರೆ ಅನ್ನುವುದು ಅದರ ತಿರುಳು. ಫ್ರಿಜ್ ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತುತ್ತೇವೆ, ಉಪ್ಪಿಗೆ ಸುತ್ತುವುದಿಲ್ಲ. ಮುಂದೆ ಬಂದ ಕೆಲವು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಮೊದಲನೆಯದು ನಮ್ಮ ಕಾಸರಗೋಡನ್ನೂ ಒಳಗೊಂಡದ್ದು. ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೇರಳದ ಕೋಝಿಕ್ಕೋಡ್, ಕಣ್ಣೂರು, ಕಾಸರಗೋಡು ಕರಾವಳಿಯ ಬೂತಾಯಿ ಮೀನಿನ ವ್ಯಾಪಾರ ಕುರಿತದ್ದು. 1997ರಿಂದ 2001ರ ನಡುವೆ ಅಲ್ಲಿ ಮೊಬೈಲ್ ಬಂತು. ಮೊದಲು ದೋಣಿಯವರು ತಮ್ಮೂರ ದಡಕ್ಕೇ ಬರುತ್ತಿದ್ದರು. ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನು ಚೆಲ್ಲುವಾಗ ಇನ್ನೊಂದು ದಡದಲ್ಲಿ ಮೀನೇ ಇರುತ್ತಿರಲಿಲ್ಲ. ಮೊಬೈಲ್ ಬಂದಮೇಲೆ ಕಡಲಿನಿಂದಲೇ ವಿಚಾರಿಸಿ ದಡ ಆರಿಸಿಕೊಂಡರು. ಮೀನು ಚೆಲ್ಲುವುದು ನಿಂತಿತು, ಮೀನುಗಾರರ ಲಾಭ ಸರಾಸರಿ ಶೇ 8ರಷ್ಟು ಏರಿತು, ಕೊಳ್ಳುವವರಿಗೆ ದರ ಶೇ 4ರಷ್ಟು ಇಳಿಯಿತು.

ಎರಡನೆಯದು ಇಸ್ರೇಲಿನದು. 2015ರಿಂದ ದೊಡ್ಡ ಸೂಪರ್‌ಮಾರ್ಕೆಟ್ ಸರಣಿಗಳು ತಮ್ಮ ಎಲ್ಲ ದರಗಳನ್ನೂ ಆನ್‌ಲೈನಿನಲ್ಲಿ ಹಾಕಬೇಕು ಅಂತ ಅಲ್ಲಿ ಕಡ್ಡಾಯವಾಯಿತು. ಇತಾಯ್ ಆಟರ್ ಮತ್ತು ಓರೆನ್ ರಿಗ್ಬಿ ಅವರ ಅಧ್ಯಯನದ ಪ್ರಕಾರ ದರಗಳು ಶೇ 4–5ರಷ್ಟು ಇಳಿದವು.

ಮೂರನೆಯದು ಉಲ್ಟಾ. ಡೆನ್ಮಾರ್ಕಿನಲ್ಲಿ 1993ರಲ್ಲಿ ಸ್ಪರ್ಧಾ ಪ್ರಾಧಿಕಾರ ಸಿದ್ಧ ಕಾಂಕ್ರೀಟಿನ ನಿಜವಾದ ವಹಿವಾಟಿನ ದರಗಳನ್ನು ಪ್ರಕಟಿಸತೊಡಗಿತು. ಸ್ಪರ್ಧೆ ಹೆಚ್ಚಲಿ ಅನ್ನುವುದು ಉದ್ದೇಶ. ಒಂದು ವರ್ಷದೊಳಗೆ ದರ ಶೇ 15–20ರಷ್ಟು ಏರಿತು. ಮಾರುವವರು ಕೆಲವೇ ಮಂದಿ. ಪಟ್ಟಿಯನ್ನು ಗಿರಾಕಿಗಳಿಗಿಂತ ಹೆಚ್ಚು ಎಚ್ಚರದಿಂದ ಓದಿದವರು ಅವರೇ. ಗುಟ್ಟಾಗಿ ರಿಯಾಯಿತಿ ಕೊಡುತ್ತಿದ್ದವನಿಗೆ ಇನ್ನು ಗುಟ್ಟು ಉಳಿಯಲಿಲ್ಲ, ರಿಯಾಯಿತಿಯೂ ನಿಂತಿತು.

ನಾಲ್ಕನೆಯದು ಪಕ್ಕದ ಮಹಾರಾಷ್ಟ್ರದ್ದು. ರೈತರ ಮೊಬೈಲಿಗೆ ಮಾರುಕಟ್ಟೆ ದರ, ಹವಾಮಾನದ ಸಂದೇಶ ಕಳಿಸುವ ಸೇವೆಯೊಂದನ್ನು ಮಾರ್ಸೆಲ್ ಫಾಫ್‌ಶಾಂ ಮತ್ತು ಬಾರ್ಟ್ ಮಿಂಟನ್ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ರೈತರಿಗೆ ಸಿಕ್ಕ ದರದಲ್ಲಿ ಸರಾಸರಿಯಾಗಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ನಾಲ್ಕನ್ನೂ ಸೇರಿಸಿದರೆ ಮೂರು ಷರತ್ತು ಹೊರಡುತ್ತವೆ. ಸರಕು ಎಲ್ಲ ಕಡೆ ಒಂದೇ ಥರದ್ದಾಗಿರಬೇಕು. ದರ ತಿಳಿದ ಮೇಲೆ ದಾರಿ ಬದಲಿಸುವ ಶಕ್ತಿ ಇರಬೇಕು. ಮಾರುವವರು ಒಬ್ಬರನ್ನೊಬ್ಬರು ನೋಡಿಕೊಂಡು ದರ ಏರಿಸುವಷ್ಟು ಕಡಿಮೆ ಮಂದಿ ಆಗಿರಬಾರದು. ಈಗ ಈ ಮೂರನ್ನು ಕೊರ್ತಾಲಿಮ್‌ಗೆ ಹಚ್ಚಿ ನೋಡೋಣ.

5. ಕೊರ್ತಾಲಿಮ್‌ನಲ್ಲಿ ಲೆಕ್ಕ ಹೇಗೆ ಕೂಡುತ್ತದೆ

*ಸರಕು.* ಪ್ಯಾಕೆಟ್ ಸಾಮಾನು ಎಲ್ಲ ಕಡೆ ಒಂದೇ, ಸರಿ. ಆದರೆ ಅದರ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ. ಕಾನೂನುಬದ್ಧ ಮಾಪನಶಾಸ್ತ್ರ ಕಾಯ್ದೆ 2009 ಮತ್ತು ಅದರಡಿಯ 2011ರ ಪ್ಯಾಕೇಜು ಸರಕಿನ ನಿಯಮಗಳ ಪ್ರಕಾರ ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. ಚಿಕ್ಕ ಅಂಗಡಿಗಳು ಸಾಮಾನ್ಯವಾಗಿ ಅದಕ್ಕೇ ಮಾರುತ್ತವೆ. ಅಂದರೆ ಪಟ್ಟಿ ಮಾಡಲು ಸುಲಭವಾದ ಸಾಮಾನಿನಲ್ಲಿ ತೋರಿಸುವಂಥ ವ್ಯತ್ಯಾಸವೇ ಕಡಿಮೆ. ವ್ಯತ್ಯಾಸ ಇರುವುದು ಬಿಡಿ ಸಾಮಾನಿನಲ್ಲಿ: ಜೋಳ, ಬೇಳೆ, ತರಕಾರಿ, ಮೀನು. ಅಲ್ಲಿ ಸರಕೇ ಒಂದಲ್ಲ. ನಿನ್ನೆಯ ಟೊಮೆಟೊ ಬೇರೆ, ಇವತ್ತಿನದು ಬೇರೆ. ಮೀನನ್ನು ಎಷ್ಟೋ ಕಡೆ ತೂಗುವುದೇ ಇಲ್ಲ, ಗುಡ್ಡೆ ಹಾಕಿ ಪಾಲಿನ ಲೆಕ್ಕದಲ್ಲಿ ಕೊಡುತ್ತಾರೆ. ಗುಡ್ಡೆಗೆ ಕಿಲೋ ದರ ಬರೆಯುವುದು ಹೇಗೆ?

*ದಾರಿ ಬದಲಿಸುವ ಶಕ್ತಿ.* ವಾರಕ್ಕೆ 3 ಕಿಲೋ ಉಳ್ಳಾಗಡ್ಡಿ ಕೊಳ್ಳುವ ಮನೆ ಅಂತ ಇಟ್ಟುಕೊಳ್ಳಿ. ಜುವಾರಿನಗರದಲ್ಲಿ ಕಿಲೋಗೆ 3 ರೂಪಾಯಿ ಕಡಿಮೆ ಅಂತ ಆ್ಯಪ್ ತೋರಿಸಿತು. ಉಳಿಯುವುದು 9 ರೂಪಾಯಿ. ಕೊರ್ತಾಲಿಮ್‌ನಿಂದ ಹೋಗಿ ಬರುವ ಬಸ್ ಚಾರ್ಜಿಗೆ ಅದು ಸಾಲದು. ಕೂಲಿ ಮುಗಿಸಿ ಬಂದವರ ಒಂದು ಗಂಟೆಯೂ ಖರ್ಚೇ. ಬೂತಾಯಿ ತುಂಬಿದ ದೋಣಿ ದಡ ಬದಲಿಸಿದರೆ ಇಡೀ ದಿನದ ದುಡಿಮೆ ಉಳಿಯುತ್ತದೆ. 3 ಕಿಲೋ ಉಳ್ಳಾಗಡ್ಡಿಗೆ ಊರು ಬದಲಿಸಿದರೆ ಏನೂ ಉಳಿಯುವುದಿಲ್ಲ.

*ಮಾರುವವರ ಸಂಖ್ಯೆ.* ಒಂದು ಓಣಿಗೆ ಎರಡು-ಮೂರು ಕಿರಾಣಿ ಅಂಗಡಿ ಇರುವಲ್ಲಿ ದರ ಪ್ರಕಟಿಸಿದರೆ ಮೊದಲು ಓದುವವರು ಎದುರಂಗಡಿಯವರು. ‘ಅವ 44ಕ್ಕ ಮಾರ್ತಾನ, ನಾ ಯಾಕ 42ಕ್ಕ ಕೊಡ್ಲಿ?’ ಡೆನ್ಮಾರ್ಕಿನ ಕಾಂಕ್ರೀಟಿನ ಕಥೆ ಓಣಿಯೊಳಗೂ ನಡೆಯಬಹುದು.

*ದರ ತುಂಬುವವರು ಯಾರು?* 40 ಅಂಗಡಿ, ಅಂಗಡಿಗೆ 60 ಸಾಮಾನು ಅಂದರೆ 2,400 ದರ. ಒಂದಕ್ಕೆ 10 ಸೆಕೆಂಡು ಅಂದರೂ 6 ಗಂಟೆ 40 ನಿಮಿಷ, ನಡೆದಾಡುವ ಹೊತ್ತು ಬಿಟ್ಟು. ದಿನಾ ಬದಲಾಗುವ 20 ತರಕಾರಿಗಳನ್ನಷ್ಟೇ ಹಿಡಿದರೂ 800 ದರ. ಗಿರಾಕಿಗಳೇ ತುಂಬಲಿ ಅಂದರೆ, ಒಬ್ಬರು ದಿನಕ್ಕೆ 4 ದರ ಕಳಿಸಿದರೂ ತಪ್ಪದೆ ಕಳಿಸುವ 200 ಮಂದಿ ಬೇಕು. ಅಂಗಡಿಯವರೇ ತುಂಬಲಿ ಅಂದರೆ, ಕಡಿಮೆ ಬರೆದು ಗಿರಾಕಿ ಬಂದಮೇಲೆ ‘ಆ ಮಾಲು ಖಾಲಿ ಆತ್ರಿ, ಇದು ಬೇರೆ ಮಾಲು’ ಅನ್ನುವ ಆಸೆ ಇದ್ದೇ ಇರುತ್ತದೆ.

*ಹಣ ಎಲ್ಲಿಂದ?* ಗಿರಾಕಿ ಚಂದಾ ಕೊಡುವುದಿಲ್ಲ. ಉಳಿದದ್ದು ಅಂಗಡಿಗಳ ಜಾಹೀರಾತು. ಹಣ ಕೊಡುವ ಶಕ್ತಿ ಇರುವುದು ದೊಡ್ಡ ಮಳಿಗೆಗೆ. ಅದರ ಹೆಸರು ಮೇಲೆ ಬರತೊಡಗಿದ ದಿನ ಪಟ್ಟಿಯ ಮೇಲಿನ ನಂಬಿಕೆ ಹೋಗುತ್ತದೆ. ದರಪಟ್ಟಿಗೆ ಇರುವ ಬಂಡವಾಳ ಅದೊಂದೇ.

6. ಉದ್ರಿ: ಪಟ್ಟಿಯಲ್ಲಿ ಕಾಣದ ಸಾಮಾನು

ಇಷ್ಟು ವ್ಯವಹಾರದ ಮಾತಾಯಿತು. ಇದಕ್ಕಿಂತ ಗಂಭೀರವಾದ ವಿಷಯ ಇನ್ನೊಂದಿದೆ.

‘ಇಂದು ನಗದು, ನಾಳೆ ಉದ್ರಿ’ ಅನ್ನುವ ಫಲಕವನ್ನು ಕರ್ನಾಟಕದ ಅಂಗಡಿಗಳಲ್ಲಿ ನಾವೆಲ್ಲ ಓದಿದ್ದೇವೆ. ಆ ಫಲಕ ನೇತುಹಾಕಿದ ಅಂಗಡಿಯಲ್ಲೇ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಉದ್ರಿ ಪುಸ್ತಕವೂ ಇರುತ್ತದೆ. ಫಲಕ ಹೊಸಬರಿಗೆ, ಪುಸ್ತಕ ಕಾಯಂ ಗಿರಾಕಿಗೆ.

ಒಂದು ಮನೆ ತಿಂಗಳಿಗೆ 3,000 ರೂಪಾಯಿಯ ಸಾಮಾನನ್ನು ಉದ್ರಿಯಲ್ಲಿ ಒಯ್ದು ತಿಂಗಳ ಕೊನೆಗೆ ಕೊಡುತ್ತದೆ ಅಂತ ಇಟ್ಟುಕೊಳ್ಳೋಣ. ಅಂಗಡಿಯ ದರ ಬೇರೆ ಕಡೆಗಿಂತ ಶೇ 2 ಹೆಚ್ಚು. ತಿಂಗಳಿಗೆ 60 ರೂಪಾಯಿ ಹೆಚ್ಚು ಹೋಯಿತು. ಅದೇ ಮನೆ ತಿಂಗಳಿಗೆ ಶೇ 5ರ ಬಡ್ಡಿಗೆ ಕೈಗಡ ತಂದು ನಗದಿನಲ್ಲಿ ಕೊಂಡರೆ? ಸಾಮಾನು ತಿಂಗಳಿಡೀ ಸ್ವಲ್ಪಸ್ವಲ್ಪ ಕೊಳ್ಳುವುದರಿಂದ ಸರಾಸರಿ ಬಾಕಿ 1,500; ಬಡ್ಡಿ 75 ರೂಪಾಯಿ. ‘ತುಟ್ಟಿ’ ಅಂಗಡಿಯೇ ಅಗ್ಗವಾಯಿತು. ಮಳೆಗಾಲದಲ್ಲಿ ಕೂಲಿ ತಪ್ಪಿ ಎರಡು ತಿಂಗಳು ಬಾಕಿ ಉಳಿದರೆ ಕೈಗಡದ ಬಡ್ಡಿ ಬೆಳೆಯುತ್ತದೆ. ಉದ್ರಿ ಪುಸ್ತಕದಲ್ಲಿ ಸಾಮಾನ್ಯವಾಗಿ ಬಾಕಿ ಬಾಕಿಯಾಗಿಯೇ ಇರುತ್ತದೆ.

ಆ್ಯಪಿನ ಪರದೆಯ ಮೇಲೆ ಈ ಅಂಗಡಿ ಕಾಣುವುದು ಹೇಗೆ? ಶೇ 2 ತುಟ್ಟಿ ಅಂತ, ಪಟ್ಟಿಯ ಕೆಳತುದಿಯಲ್ಲಿ. ಕೈಯಲ್ಲಿ ಸ್ವಲ್ಪ ನಗದು ಇರುವವರು ಮೊದಲು ಬೇರೆಡೆ ಹೋಗುತ್ತಾರೆ. ಅಂಗಡಿಯವನಿಗೆ ಉದ್ರಿಯವರಷ್ಟೇ ಉಳಿಯುತ್ತಾರೆ. ನಗದಿನ ಗಿರಾಕಿಯ ಹಣದಿಂದಲೇ ಅವನು ಉದ್ರಿಯ ಭಾರ ಹೊರುತ್ತಿದ್ದ. ಅದು ತಪ್ಪಿದ ಮೇಲೆ ಒಂದೋ ದರ ಇಳಿಸಿ ಉದ್ರಿ ನಿಲ್ಲಿಸಬೇಕು, ಇಲ್ಲವೇ ಅಂಗಡಿ ಮುಚ್ಚಬೇಕು. ಎರಡರಲ್ಲಿ ಯಾವುದಾದರೂ ಪೆಟ್ಟು ಬೀಳುವುದು ಆ್ಯಪ್ ಯಾರಿಗಾಗಿ ಅಂತ ಹೊರಟಿತ್ತೋ ಅವರಿಗೇ.

ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ ಮೊರಾಕ್ಕೊದ ಸೆಫ್ರು ಪಟ್ಟಣದ ಬಜಾರನ್ನು ಕುರಿತು 1978ರಲ್ಲಿ ಬರೆದದ್ದು ಇಲ್ಲಿ ನೆರವಿಗೆ ಬರುತ್ತದೆ. ಬಜಾರಿನಲ್ಲಿ ಮಾಹಿತಿಗೆ ಬರ ಇರುತ್ತದೆ; ಆ ಬರಕ್ಕೆ ಜನ ಕಂಡುಕೊಂಡ ಉಪಾಯ ಕಾಯಂ ಗಿರಾಕಿತನ ಅನ್ನುವುದು ಅವರ ವಿವರಣೆ. ಅಂದರೆ ಉದ್ರಿ ಪುಸ್ತಕ ಮಾಹಿತಿ ಇಲ್ಲದ್ದರ ಗುರುತಲ್ಲ. ಅದೇ ಒಂದು ಮಾಹಿತಿ ವ್ಯವಸ್ಥೆ. ಯಾರು ನಂಬಿಕಸ್ತರು, ಯಾರ ಮನೆಯಲ್ಲಿ ಕಾಯಿಲೆ, ಯಾರ ಕೂಲಿ ಯಾವಾಗ ಬರುತ್ತದೆ, ಎಲ್ಲವೂ ಅದರೊಳಗಿದೆ.

7. ಹೆಸರಿನ ಕಗ್ಗಂಟು

ಧಾರಣೆಗೆ ಗಟ್ಟಿ ಹೆಸರು ಬೇಕು ಅಂತ ಅಡಿಕೆಯ ಅಂಕಣದಲ್ಲಿ ನೋಡಿದೆವು. ನಮ್ಮ ವಿಭಾಗದವರು ನಿಜವಾಗಿ ನೆರವಾಗಬಹುದಾದ ಜಾಗ ಇದು. ಉಳ್ಳಾಗಡ್ಡಿ, ಈರುಳ್ಳಿ, ನೀರುಳ್ಳಿ ಮೂರೂ ಕನ್ನಡ. ಎದುರಿಗೆ ನಿಂತ ಕೊಂಕಣಿಯವರಿಗೆ ಅದು ಕಾಂದೊ. ಚುರುಮುರಿ, ಮಂಡಕ್ಕಿ, ಕಡ್ಲೆಪುರಿ ಒಂದೇ ತಿನಿಸು. ಶೇಂಗಾ ಕೆಲವರಿಗೆ ಕಡಲೆಕಾಯಿ, ಕರಾವಳಿಯಲ್ಲಿ ನೆಲಗಡಲೆ. ಪುಠಾಣಿ ಅಂದರೆ ಹುರಿಗಡಲೆ. ಬಟಾಟಿ ಅಂದರೆ ಆಲೂಗಡ್ಡೆ. ಗೋವಾದವರ ಉಕಡೆ ಅಕ್ಕಿಯನ್ನು ನಾವು ಕುಚಲಕ್ಕಿ ಅನ್ನುತ್ತೇವೆ.

ಎಲ್ಲಕ್ಕಿಂತ ತೊಡಕಿನದು ಜೋಳ. ವಿಜಯಪುರದವರಿಗೆ ಜೋಳ ಅಂದರೆ ರೊಟ್ಟಿಯ ಬಿಳಿ ಜೋಳ. ಹಳೇ ಮೈಸೂರಿನ ಕಡೆ ಅದೇ ಪದಕ್ಕೆ ಮುಸುಕಿನ ಜೋಳದ ಅರ್ಥವೂ ಬರುತ್ತದೆ. ‘ಜೋಳ 40’ ಅಂತ ಪಟ್ಟಿಯಲ್ಲಿ ಬಂದರೆ ಯಾವ ಜೋಳ? ಪಟ್ಟಿ ಮಾಡುವ ತಂತ್ರಜ್ಞರು ಇದನ್ನು ಅನುವಾದದ ಸಣ್ಣ ಕೆಲಸ ಅಂದುಕೊಳ್ಳುತ್ತಾರೆ. ಹಾಗಲ್ಲ. ಹೆಸರು ತಪ್ಪಿದರೆ ದರವೂ ತಪ್ಪು. ಮೊದಲು ಬೇಕಾಗಿರುವುದು ಕೊರ್ತಾಲಿಮ್ ಸುತ್ತಲಿನ ಅಂಗಡಿಗಳಲ್ಲಿ ಬಳಕೆಯಲ್ಲಿರುವ ನೂರಿನ್ನೂರು ಪದಗಳ ಒಂದು ಕನ್ನಡ–ಕೊಂಕಣಿ–ಹಿಂದಿ ಸರಕುಕೋಶ. ಓದು ಬರದವರಿಗೆ ಅದು ದನಿಯಲ್ಲಿ ಇರಬೇಕು.

8. ಹಾಗಾದರೆ ಮಾಡುವುದೇನು?

ನನ್ನ ತೀರ್ಮಾನ ಹೀಗಿದೆ. ಅಂಗಡಿವಾರು ದರ ತೋರಿಸುವ ಆ್ಯಪಿಗೆ ಹಣ ಹಾಕುವುದು ಬೇಡ. ಅದರ ಬದಲು ಒಂದು ಧಾರಣೆ ಸೇವೆಯನ್ನು ಪರೀಕ್ಷಿಸಿ ನೋಡಬಹುದು: ದಿನಕ್ಕೊಮ್ಮೆ, 12 ಸಾಮಾನು, ಕನಿಷ್ಠ ಮತ್ತು ಗರಿಷ್ಠ, ಪಕ್ಕದಲ್ಲಿ ತೋಟಗಾರಿಕಾ ನಿಗಮದ ದರ. ಅಂಗಡಿಯ ಹೆಸರು ಇಲ್ಲ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಅರ್ಧ ನಿಮಿಷದ ದನಿ ಸಂದೇಶ, ವಾಟ್ಸ್‌ಆ್ಯಪಿನಲ್ಲಿ. ಗಿರಾಕಿ ತನ್ನ ಅಂಗಡಿಯಲ್ಲೇ ನಿಂತು ‘ಪ್ಯಾಟ್ಯಾಗ 30 ರಿಂದ 36 ನಡದೈತಿ, ನೀವ್ಯಾಕ 42 ಹೇಳ್ತೀರಿ?’ ಅಂತ ಕೇಳಬಹುದು. ಅಂಗಡಿ ಬಿಡಬೇಕಾಗಿಲ್ಲ, ಉದ್ರಿ ಕಳೆದುಕೊಳ್ಳಬೇಕಾಗಿಲ್ಲ, ಚೌಕಾಸಿಯ ಬಲ ಮಾತ್ರ ಹೆಚ್ಚುತ್ತದೆ.

ಇದಕ್ಕೂ ಮೊದಲು ನಾಲ್ಕು ವಾರದ ಪರೀಕ್ಷೆ ಆಗಬೇಕು. 8 ಅಂಗಡಿ, 12 ಸಾಮಾನು, ದಿನಕ್ಕೆ 96 ದರ. ಇಬ್ಬರು ನೋಟುಬುಕ್ಕಿನಲ್ಲಿ ಬರೆದುಕೊಳ್ಳಬಹುದು. 28 ದಿನಕ್ಕೆ 2,688 ದರ. ಅದರಲ್ಲಿ ನೋಡಬೇಕಾದ ಪ್ರಶ್ನೆ ಒಂದೇ: ಅಗ್ಗದ ಅಂಗಡಿ ದಿನದಿಂದ ದಿನಕ್ಕೆ ಬದಲಾಗುತ್ತದೆಯೇ? ಯಾವಾಗಲೂ ಅದೇ ಅಂಗಡಿ ಅಗ್ಗವಾಗಿದ್ದರೆ ಅದು ಓಣಿಗೆಲ್ಲ ಗೊತ್ತಿರುವ ವಿಷಯ, ಹೇಳಲು ಆ್ಯಪೂ ಬೇಡ, ಧಾರಣೆಯೂ ಬೇಡ. ದಿನಕ್ಕೊಂದು ಅಂಗಡಿ ಅಗ್ಗವಾಗುತ್ತಿದ್ದರೆ ಮಾತ್ರ ಸುದ್ದಿಗೆ ಬೆಲೆ ಇದೆ. ಈ ಪರೀಕ್ಷೆಗೆ ಒಂದು ಸಾಲಿನ ಕೋಡ್ ಕೂಡ ಬರೆಯಬೇಕಾಗಿಲ್ಲ.

ಇನ್ನೊಂದು ಮಾತು. ಈ ಕುಟುಂಬಗಳಿಗೆ ಹೆಚ್ಚು ಉಳಿತಾಯ ತರುವ ಸುದ್ದಿ ಅಂಗಡಿ ದರದ್ದಲ್ಲ, ಪಡಿತರದ್ದು. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂತು. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಅಡಿ ಬರುವ ಕರ್ನಾಟಕದ ಚೀಟಿಯ ಮೇಲೆ ಗೋವಾದ ನ್ಯಾಯಬೆಲೆ ಅಂಗಡಿಯಲ್ಲೂ ಆ ಕಾಯ್ದೆಯ ಪಾಲಿನ ಧಾನ್ಯ ಪಡೆಯಬಹುದು. ಆದ್ಯತಾ ಕುಟುಂಬಕ್ಕೆ ತಲೆಗೆ ತಿಂಗಳಿಗೆ 5 ಕಿಲೋ. 2023ರ ಜನವರಿಯಿಂದ ಅದು ಉಚಿತ. ಐದು ಮಂದಿಯ ಮನೆಗೆ 25 ಕಿಲೋ. ಉಳ್ಳಾಗಡ್ಡಿಯಲ್ಲಿ ಉಳಿಯುವ 9 ರೂಪಾಯಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಆ ಅರ್ಧ ನಿಮಿಷದ ಸಂದೇಶದಲ್ಲಿ ಇದಕ್ಕೂ ಹತ್ತು ಸೆಕೆಂಡು ಇರಲಿ.

9. ಚರ್ಚೆಯಿಂದ

*ಒಬ್ಬ ಸಹಪಾಠಿ:* ಮನೆಗೆ ಸಾಮಾನು ತಲುಪಿಸುವ ಆ್ಯಪುಗಳು ದರ ತೋರಿಸುತ್ತವಲ್ಲ? ಅವಕ್ಕಾಗುವುದು ಇದಕ್ಕೆ ಯಾಕಾಗುವುದಿಲ್ಲ?

ಅವು ತೋರಿಸುವುದು ತಾವು ಕೊಡಲು ಒಪ್ಪಿದ ದರವನ್ನು. ಗುಂಡಿ ಒತ್ತಿದರೆ ಆ ದರಕ್ಕೆ ಸಾಮಾನು ಬರಬೇಕು. ಅದು ವಾಗ್ದಾನ. ಪರರ ಅಂಗಡಿಯ ದರವನ್ನು ನಾವು ತೋರಿಸಿದರೆ ಅದು ವಾರ್ತೆ ಮಾತ್ರ. ವಾರ್ತೆಯನ್ನು ವಾಗ್ದಾನದ ಹಾಗೆ ತೋರಿಸಿದರೆ ಜಗಳ ಆಗುವುದು ಅಂಗಡಿಯ ಕಟ್ಟೆಯ ಮೇಲೆ, ಆ್ಯಪ್ ಮಾಡಿದವರ ಕಚೇರಿಯಲ್ಲಿ ಅಲ್ಲ.

*ಅಧ್ಯಾಪಕರೊಬ್ಬರು:* ಉದ್ರಿಯನ್ನು ನೀವು ತುಂಬ ಹೊಗಳಿದಿರಿ. ಅದರಲ್ಲಿ ಶೋಷಣೆಯೂ ಇರುತ್ತದಲ್ಲವೇ?

ಖಂಡಿತ ಇರುತ್ತದೆ, ಮೇಡಂ. ಬಾಕಿ ಇರುವವರು ತೂಕದ ಬಗ್ಗೆ ದನಿ ಎತ್ತುವುದು ಕಷ್ಟ, ಅಂಗಡಿ ಬದಲಿಸುವುದು ಇನ್ನೂ ಕಷ್ಟ. ಅದಕ್ಕೇ ಧಾರಣೆ ಬೇಕು ಅಂತ ಹೇಳಿದ್ದು. ಉದ್ರಿಗಾಗಿ ಶೇ 2 ಹೆಚ್ಚು ಕೊಡುವುದು ಬೇರೆ, ಗೊತ್ತಿಲ್ಲದೆ ಶೇ 20 ಹೆಚ್ಚು ಕೊಡುವುದು ಬೇರೆ. ತಾನು ಕೊಡುತ್ತಿರುವುದು ಯಾವುದು ಅಂತ ಗಿರಾಕಿಗೆ ತಿಳಿಯಬೇಕು. ಆಮೇಲೆ ಆ ಅಂಗಡಿಯಲ್ಲೇ ಇರಬೇಕೋ ಬಿಡಬೇಕೋ ಅನ್ನುವುದು ಅವರ ತೀರ್ಮಾನ. ಅವರ ಪರವಾಗಿ ಪರದೆಯ ಮೇಲೆ ನಾವು ಅಂಗಡಿಗಳಿಗೆ ಅಂಕ ಕೊಡುವುದು ಬೇಡ.